ಜ್ವರವಿಲ್ಲದವರಿಂದಲೂ ಫ್ಲೂ ಹರಡುವುದುಂಟು

ಮನೆಯ ಅಜ್ಜಿಗೆ ಫ್ಲೂ ಜ್ವರ ಬಂದಾಗ, “ಅವರು ಹೊಸಲು ದಾಟಿದವರಲ್ಲ, ಮನೆಯಲ್ಲಿ ಯಾರಿಗೂ ನೆಗಡಿಯೂ ಇಲ್ಲ, ಇದು ಎಲ್ಲಿಂದ ಬಂತು?” ಎಂದು ನಮ್ಮ ಶಾಗ್ಯದಂತಹ ಊರುಗಳಲ್ಲಿ ಕೇಳುವುದು ಸಹಜ. ಉತ್ತರವು ಅನೇಕ ವೇಳೆ ಮನೆಯೊಳಗೇ ಇರುತ್ತದೆ.

ಫ್ಲೂ ವೈರಸ್‌ನಿಂದ ಬರುವ ರೋಗ. ಕೆಮ್ಮಿದಾಗ, ಸೀನಿದಾಗ, ಮಾತನಾಡಿದಾಗ ಹೊರಬೀಳುವ ಸಣ್ಣ ಹನಿಗಳಿಂದಲೂ ಕೈಗಳಿಂದಲೂ ಇದು ಹರಡುತ್ತದೆ. ಸೋಂಕು ತಗಲಿದ 1ರಿಂದ 4 ದಿನಗಳಲ್ಲಿ ಜ್ವರ ಕಾಣಿಸುತ್ತದೆ. ಆದರೆ ಅದಕ್ಕೆ ಒಂದು ದಿನ ಮೊದಲೇ ಆ ಮನುಷ್ಯನಿಂದ ರೋಗ ಇತರರಿಗೆ ತಗಲಬಹುದು. ಇನ್ನು ಕೆಲವರಿಗೆ ಸೋಂಕು ತಗಲಿದರೂ ಜ್ವರ, ಕೆಮ್ಮು ಯಾವುದೂ ಬರುವುದಿಲ್ಲ.

ರೈತ ಬಾಂಧವರಿಗೆ ಇದು ಹೊಸ ಸಂಗತಿಯಲ್ಲ. ನೋಡಲು ಗಟ್ಟಿಯಾದ ಜೋಳದ ಬೀಜಕ್ಕೂ ಕಾಡಿಗೆ ರೋಗದ ಕಣಗಳು ಅಂಟಿಕೊಂಡಿರುತ್ತವೆ. ಅದಕ್ಕಾಗಿಯೇ ಬೀಜ ಚೆನ್ನಾಗಿ ಕಂಡರೂ ಬೀಜೋಪಚಾರ ಮಾಡಿ ಬಿತ್ತುತ್ತೇವೆ.

2017 ಮತ್ತು 2018ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಒಂದು ಹಳ್ಳಿ ಪ್ರದೇಶದ ಹಾಗೂ ಒಂದು ಪಟ್ಟಣದ ಮನೆಗಳಲ್ಲಿ, ಕಾಯಿಲೆ ಇರಲಿ ಇಲ್ಲದಿರಲಿ, ಎಲ್ಲರ ಮೂಗಿನ ದ್ರವವನ್ನು ವಾರಕ್ಕೆ ಎರಡು ಸಲ ಪರೀಕ್ಷಿಸಿದರು. ಕಂಡುಬಂದ ಫ್ಲೂ ಸೋಂಕುಗಳಲ್ಲಿ ನೂರಕ್ಕೆ ಸುಮಾರು 44ರಲ್ಲಿ ಯಾವ ಲಕ್ಷಣವೂ ಇರಲಿಲ್ಲ. ಹೀಗೆ ಲಕ್ಷಣವಿಲ್ಲದವರಿಂದ ಮನೆಯ ಇತರರಲ್ಲಿ ನೂರಕ್ಕೆ ಸುಮಾರು 6 ಮಂದಿಗೆ ಸೋಂಕು ತಗಲಿತ್ತು. ಕೆಮ್ಮುವವರಿಂದ ಅಪಾಯ ಹೆಚ್ಚು, ನಿಜ. ಆದರೆ ಕೆಮ್ಮದವರು ಕಾಯಿಲೆ ಮಲಗಿಸದ ಕಾರಣ ಹೊಲ, ಶಾಲೆ, ಸಂತೆ, ಬಸ್ಸು ಎಂದು ಎಲ್ಲೆಡೆ ತಿರುಗುತ್ತಾರೆ. ಮಹದೇಶ್ವರ ಬೆಟ್ಟದ ಜಾತ್ರೆಗೂ ಹೋಗಿ ಬರುತ್ತಾರೆ. ಇದರಲ್ಲಿ ಅವರ ತಪ್ಪೇನೂ ಇಲ್ಲ. ತಮ್ಮಲ್ಲಿ ರೋಗವಿರುವುದು ಅವರಿಗೇ ತಿಳಿಯದು.

1957ರಲ್ಲಿ ಏಷ್ಯನ್ ಫ್ಲೂ ಸಿಂಗಪುರದ ಹಡಗಿನಲ್ಲಿ ಮದರಾಸಿಗೆ ಬಂದು ಕೆಲವೇ ತಿಂಗಳಲ್ಲಿ ದೇಶವನ್ನೆಲ್ಲ ವ್ಯಾಪಿಸಿತು. ಇಂತಹ ರೋಗವನ್ನು ತಡೆಯಲು ಜ್ವರ ಬಂದವರನ್ನು ಮಾತ್ರ ದೂರವಿಟ್ಟರೆ ಸಾಲದು.

ಆದುದರಿಂದ ಮಾಡಬೇಕಾದುದು ಇಷ್ಟು:

1. ಊರಿನಲ್ಲಿ ಫ್ಲೂ ಇರುವಾಗ ಎಲ್ಲರೂ ಹೊರಗಿನಿಂದ ಬಂದೊಡನೆ ಸಾಬೂನಿನಿಂದ ಕೈ ತೊಳೆಯಬೇಕು.

2. ಕಿಟಕಿ ಬಾಗಿಲು ತೆರೆದು ಮನೆಯಲ್ಲಿ ಗಾಳಿಯಾಡುವಂತೆ ಮಾಡಬೇಕು.

3. ಕೆಮ್ಮುವಾಗ, ಸೀನುವಾಗ ಬಾಯಿ ಮೂಗಿಗೆ ಬಟ್ಟೆ ಹಿಡಿಯಬೇಕು.

4. ವೃದ್ಧರು, ಗರ್ಭಿಣಿಯರು, ಎಳೆಯ ಮಕ್ಕಳು, ಆಸ್ತಮಾ ಅಥವಾ ಸಕ್ಕರೆ ಕಾಯಿಲೆಯವರು ಫ್ಲೂ ಲಸಿಕೆಯ ವಿಷಯವನ್ನು ವೈದ್ಯರಲ್ಲಿ ವಿಚಾರಿಸಬೇಕು. ಇವರಿಗೆ ಫ್ಲೂ ಪ್ರಾಣಾಪಾಯ ತರಬಲ್ಲದು.

5. ಉಸಿರಾಟ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಗಟ್ಟಿಮುಟ್ಟಾದ ಹರೆಯದವರು “ನನಗೇನಾಗಿದೆ?” ಎನ್ನದೆ ಈ ಕ್ರಮಗಳನ್ನು ಪಾಲಿಸಿದರೆ ಮನೆಯ ಹಿರಿಯರೂ ಕಂದಮ್ಮಗಳೂ ಸುರಕ್ಷಿತರಾಗಿರುವರು.