ಆಟದ ಸಾಮ್ರಾಜ್ಯದಲ್ಲಿ ಸೋರಿಕೆಯ ಲೆಕ್ಕ

ರಾಜ್ಯ ಕಟ್ಟುವ ಕಂಪ್ಯೂಟರ್ ಆಟಗಳಲ್ಲಿ ಭ್ರಷ್ಟಾಚಾರವೆಂದರೆ ಒಂದು ಕಳೆಯುವ ಲೆಕ್ಕ. ಪ್ರತಿ ಸರದಿಯಲ್ಲೂ ನಗರವೊಂದು ಇಷ್ಟು ಆದಾಯ ಹುಟ್ಟಿಸುತ್ತದೆ. ಅದು ಖಜಾನೆ ಸೇರುವ ಮೊದಲೇ ಒಂದು ಸೂತ್ರ ಅದರಲ್ಲಿ ಒಂದು ಪಾಲನ್ನು ಕತ್ತರಿಸಿಬಿಡುತ್ತದೆ. ಆಟಗಾರನ ಕಣ್ಣಿಗೆ ಬೀಳುವುದು ಉಳಿದದ್ದು ಮಾತ್ರ. ಈ ಸೂತ್ರವನ್ನು ಜನಪ್ರಿಯಗೊಳಿಸಿದ್ದು 1991ರಲ್ಲಿ ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ ರೂಪಿಸಿದ, ಮೈಕ್ರೋಪ್ರೋಸ್ ಸಂಸ್ಥೆ ಹೊರತಂದ ‘ಸಿವಿಲೈಸೇಶನ್’ ಎಂಬ ಆಟ. ಅದರಲ್ಲಿ ಸೋರಿಕೆ ಮುಖ್ಯವಾಗಿ ಎರಡು ಸಂಗತಿಗಳನ್ನು ಅವಲಂಬಿಸಿತ್ತು. ಒಂದು, ನಗರ ರಾಜಧಾನಿಯಿಂದ ಎಷ್ಟು ದೂರದಲ್ಲಿದೆ ಎಂಬುದು. ಇನ್ನೊಂದು, ಯಾವ ಬಗೆಯ ಆಡಳಿತ ನಡೆಯುತ್ತಿದೆ ಎಂಬುದು. ಅರಮನೆ ಇರುವ ನಗರದಲ್ಲಿ ಸೋರಿಕೆಯೇ ಇಲ್ಲ. ದೂರ ಹೋದಂತೆಲ್ಲ ಹೆಚ್ಚು. ನಿರಂಕುಶ ಆಡಳಿತದಲ್ಲಿ ಅದು ತೀವ್ರ, ರಾಜಪ್ರಭುತ್ವದಲ್ಲಿ ಸ್ವಲ್ಪ ಕಡಿಮೆ, ಗಣರಾಜ್ಯದಲ್ಲಿ ಇನ್ನೂ ಕಡಿಮೆ. ಕಮ್ಯುನಿಸ್ಟ್ ಆಡಳಿತದಲ್ಲಿ ದೂರವನ್ನು ಲೆಕ್ಕಕ್ಕೇ ಹಿಡಿಯದೆ ಎಲ್ಲ ಊರಿಗೂ ಒಂದೇ ಅಳತೆ. ಪ್ರಜಾಪ್ರಭುತ್ವದಲ್ಲಿ ಸೋರಿಕೆ ಪೂರ್ತಿ ಸೊನ್ನೆ. ಈ ಕೊನೆಯದು ವಿನ್ಯಾಸಕರ ಆಸೆಯೇ ಹೊರತು ಇತಿಹಾಸದ ಸಾಕ್ಷ್ಯವಲ್ಲ.

ಇಂಥ ಸೂತ್ರ ಆಟಕ್ಕೆ ಯಾಕೆ ಬೇಕು? ರಾಜ್ಯ ಕಟ್ಟುವ ಆಟದಲ್ಲಿ ಮುಂದಿರುವವನು ಇನ್ನಷ್ಟು ಮುಂದೆ ಹೋಗುವುದು ಸಹಜ ಗತಿ. ಹೆಚ್ಚು ನಗರಗಳಿದ್ದವನಿಗೆ ಹೆಚ್ಚು ಹಣ, ಹೆಚ್ಚು ಹಣ ಇದ್ದವನಿಗೆ ಹೆಚ್ಚು ಸೈನ್ಯ, ಹೆಚ್ಚು ಸೈನ್ಯ ಇದ್ದವನಿಗೆ ಇನ್ನೂ ಹೆಚ್ಚು ನಗರಗಳು. ತಡೆಯಿಲ್ಲದಿದ್ದರೆ ಮೊದಲ ಅರ್ಧ ಗಂಟೆಯಲ್ಲೇ ಫಲಿತಾಂಶ ತೀರ್ಮಾನವಾಗಿ, ಉಳಿದ ಹೊತ್ತು ಬರೀ ಕಾಲಹರಣವಾಗುತ್ತದೆ. ಹಬೆಯಂತ್ರದಲ್ಲಿ ವೇಗ ಹೆಚ್ಚಿದಂತೆ ಎರಡು ಗುಂಡುಗಳು ಹೊರಕ್ಕೆ ಚಿಮ್ಮಿ ಹಬೆಯ ದಾರಿಯನ್ನು ಕಿರಿದು ಮಾಡುವ ಸಾಧನವೊಂದು ಇರುತ್ತದೆ. ಆಟದಲ್ಲಿ ಆ ಕೆಲಸ ಭ್ರಷ್ಟಾಚಾರದ್ದು. ಸಾಮ್ರಾಜ್ಯ ಹಿಗ್ಗಿದಷ್ಟೂ ಸೋರಿಕೆ ಹಿಗ್ಗುತ್ತದೆ, ಸೋರಿಕೆ ಹಿಗ್ಗಿದಷ್ಟೂ ಹಿಗ್ಗುವ ವೇಗ ತಗ್ಗುತ್ತದೆ. ಮುಂದಿರುವವನನ್ನು ಹಿಡಿದೆಳೆಯುವ ಈ ಉಪಾಯ ಕಂಪ್ಯೂಟರಿನ ಜೊತೆ ಹುಟ್ಟಿದ್ದೇನಲ್ಲ. ಚೌಕಾಬಾರದಲ್ಲಿ ಹಣ್ಣಾಗಲು ಹತ್ತಿರ ಬಂದ ಕಾಯಿಯನ್ನು ಎದುರಾಳಿ ಕಡಿದರೆ ಅದು ಮತ್ತೆ ಮನೆಯಿಂದಲೇ ಹೊರಡಬೇಕು.

ಸೋರಿಕೆ ತಡೆಯಲು ಆಟ ಕೊಡುವ ಮುಖ್ಯ ಅಸ್ತ್ರ ನ್ಯಾಯಾಲಯ. ಅದನ್ನು ಕಟ್ಟಿದರೆ ಆ ನಗರದ ಸೋರಿಕೆ ಅರ್ಧಕ್ಕಿಳಿಯುತ್ತದೆ. ಆದರೆ ಕಟ್ಟಡಕ್ಕೆ ಪ್ರತಿ ಸರದಿಗೂ ನಿರ್ವಹಣೆಯ ಖರ್ಚು ಉಂಟು. ಒಂದು ಕಾಲ್ಪನಿಕ ಉದಾಹರಣೆ ನೋಡಬಹುದು. ದೂರದ ನಗರ 12 ನಾಣ್ಯ ದುಡಿದು 6 ಕಳೆದುಕೊಳ್ಳುತ್ತಿದೆ ಎನ್ನೋಣ. ನ್ಯಾಯಾಲಯ 3 ಉಳಿಸುತ್ತದೆ, ಖರ್ಚು 1, ನಿವ್ವಳ ಲಾಭ 2. ರಾಜಧಾನಿಯ ಪಕ್ಕದ ನಗರ 8 ದುಡಿದು 1 ಮಾತ್ರ ಕಳೆದುಕೊಳ್ಳುತ್ತಿದ್ದರೆ ಅಲ್ಲಿ ನ್ಯಾಯಾಲಯ ಉಳಿಸುವುದು ಅರ್ಧ ನಾಣ್ಯ, ತಿನ್ನುವುದು ಒಂದು. ಅಲ್ಲಿ ಕಟ್ಟಿದರೆ ನಷ್ಟ. ಹೀಗಾಗಿ ಜಾಣ ಆಟಗಾರ ಸ್ವಲ್ಪ ಸೋರಿಕೆಯನ್ನು ಹಾಗೇ ಬಿಟ್ಟುಬಿಡುತ್ತಾನೆ. ಪ್ರತಿ ಪೈಸೆಯನ್ನೂ ಕಾಯಲು ಹೊರಟರೆ ಕಾವಲಿನ ಖರ್ಚೇ ಹೆಚ್ಚಾಗುತ್ತದೆ ಎಂಬ ಆಡಳಿತಶಾಸ್ತ್ರದ ಗಟ್ಟಿ ಪಾಠ ಇಲ್ಲಿ ಆಟದ ರೂಪದಲ್ಲಿ ಸಿಗುತ್ತದೆ.

2001ರ ‘ಸಿವಿಲೈಸೇಶನ್ 3’ ಈ ಯಂತ್ರಕ್ಕೆ ಇನ್ನೊಂದು ಹಲ್ಲುಗಾಲಿ ಸೇರಿಸಿತು. ದೂರದ ಜೊತೆಗೆ ನಗರಗಳ ಸಂಖ್ಯೆಯೂ ಲೆಕ್ಕಕ್ಕೆ ಬಂತು. ರಾಜಧಾನಿಗೆ ಹತ್ತಿರವಿರುವ ಕ್ರಮದಲ್ಲಿ ನಗರಗಳಿಗೆ ಒಂದು, ಎರಡು, ಮೂರು ಎಂದು ಸ್ಥಾನ ಕೊಟ್ಟು, ಸ್ಥಾನ ಕೆಳಗಿಳಿದಷ್ಟೂ ಸೋರಿಕೆ ಹೆಚ್ಚಿಸಲಾಯಿತು. ಹೊಸ ನಗರವನ್ನು ರಾಜ್ಯದ ನಡುವೆ ತೂರಿಸಿದರೆ ಅದರಾಚೆಯ ಊರುಗಳೆಲ್ಲ ಒಂದೊಂದು ಸ್ಥಾನ ಹಿಂದೆ ಸರಿಯುತ್ತಿದ್ದವು. ಸೋರಿಕೆ ಹಣಕ್ಕಷ್ಟೇ ಸೀಮಿತವಾಗಿರಲಿಲ್ಲ, ಉತ್ಪಾದನೆಯನ್ನೂ ತಿನ್ನುತ್ತಿತ್ತು. ಗಡಿಯ ನಗರಗಳು ಎಷ್ಟು ದೊಡ್ಡದಾಗಿ ಬೆಳೆದರೂ ಸರದಿಗೆ ಒಂದೇ ಒಂದು ಅಂಶ ಉತ್ಪಾದಿಸುತ್ತಾ ಕೂತಿರುತ್ತಿದ್ದವು. ಪರಿಹಾರವಾಗಿ ‘ಫರ್ಬಿಡನ್ ಪ್ಯಾಲೇಸ್’ ಎಂಬ ಎರಡನೇ ಅರಮನೆಯನ್ನು ದೂರದ ಊರಲ್ಲಿ ಕಟ್ಟಬಹುದಿತ್ತು. ಅದರ ಸುತ್ತಲಿನ ಊರುಗಳಿಗೆ ಅದೇ ಕೇಂದ್ರವಾಗುತ್ತಿತ್ತು.

ಆಟಗಾರರು ಈ ಸೂತ್ರದಲ್ಲೂ ಒಂದು ಸಂದು ಹುಡುಕಿದರು. ರಾಜಧಾನಿಯಿಂದ ಸಮಾನ ದೂರದಲ್ಲಿರುವ ನಗರಗಳಿಗೆಲ್ಲ ಒಂದೇ ಸ್ಥಾನ ಸಿಗುತ್ತಿತ್ತು. ಹಾಗಾಗಿ ಅರಮನೆಯ ಸುತ್ತ ಬಳೆಯಾಕಾರದಲ್ಲಿ ನಗರಗಳನ್ನು ನೆಟ್ಟರೆ ಹತ್ತನೆಯ ನಗರವೂ ಎರಡನೆಯದರಷ್ಟೇ ಶುದ್ಧವಾಗಿರುತ್ತಿತ್ತು. 2003ರ ‘ಕಾಂಕ್ವೆಸ್ಟ್ಸ್’ ವಿಸ್ತರಣೆಯಲ್ಲಿ ವಿನ್ಯಾಸಕರು ಈ ಸಂದನ್ನು ಮುಚ್ಚಿದರು. ನಿಯಮ ಎಲ್ಲಿದೆಯೋ ಅಲ್ಲೆಲ್ಲ ಅದರ ಅಂಚನ್ನು ಹುಡುಕುವವರು ಇರುತ್ತಾರೆ. ಭ್ರಷ್ಟಾಚಾರವನ್ನು ಅಳೆಯುವ ನಿಯಮವೂ ಇದಕ್ಕೆ ಹೊರತಾಗಲಿಲ್ಲ.

ಇದಕ್ಕಿಂತ ಆಳವಾದ ದೋಷ ಬೇರೊಂದಿತ್ತು. ಸೋರಿಕೆ ಎಷ್ಟೇ ಇರಲಿ, ಅದು ನಗರದ ಆದಾಯವನ್ನು ಸೊನ್ನೆಯ ಹತ್ತಿರಕ್ಕೆ ತರಬಲ್ಲುದೇ ಹೊರತು ಸೊನ್ನೆಗಿಂತ ಕೆಳಕ್ಕೆ ಇಳಿಸಲಾರದು. ಅಂದರೆ ಹೊಸ ನಗರ ಎಂದೂ ಹೊರೆಯಲ್ಲ, ಸಿಕ್ಕಿದಷ್ಟು ಲಾಭವೇ. ಆಟಗಾರರು ಗೊಣಗುತ್ತಲೇ ನಗರಗಳನ್ನು ಕಟ್ಟುತ್ತಾ ಹೋದರು, ಯಂತ್ರದ ತಡೆ ಕೆಲಸ ಮಾಡಲಿಲ್ಲ. ಸೊರೆನ್ ಜಾನ್ಸನ್ ಮುಖ್ಯ ವಿನ್ಯಾಸಕರಾಗಿದ್ದ 2005ರ ‘ಸಿವಿಲೈಸೇಶನ್ 4’ ಭ್ರಷ್ಟಾಚಾರವನ್ನು ಕೈಬಿಟ್ಟು ಅದರ ಜಾಗಕ್ಕೆ ನಿರ್ವಹಣಾ ವೆಚ್ಚವನ್ನು ತಂದಿತು. ದೂರ ಮತ್ತು ಸಂಖ್ಯೆ ಎರಡೂ ಹಾಗೇ ಉಳಿದವು. ಆದರೆ ಈಗ ಹೊಸ ನಗರ ಖಜಾನೆಯಿಂದಲೇ ಹಣ ಕೇಳುತ್ತಿತ್ತು. ಅವಸರದಲ್ಲಿ ಹಿಗ್ಗಿದವನು ದಿವಾಳಿಯಾಗುತ್ತಿದ್ದ. ತಡೆ ಗಟ್ಟಿಯಾಯಿತು, ಜೊತೆಗೆ ಲಂಚದ ಮಾತು ಆಟದಿಂದ ಮರೆಯಾಯಿತು.

ಬೇರೆ ಆಟಗಳು ಬೇರೆ ದಾರಿ ಹಿಡಿದವು. ‘ಯೂರೋಪಾ ಯೂನಿವರ್ಸಾಲಿಸ್ 4’ರಲ್ಲಿ ಭ್ರಷ್ಟಾಚಾರ ಇಡೀ ದೇಶಕ್ಕೆ ಒಂದೇ ಅಂಕಿ. ಗೆದ್ದ ನೆಲವನ್ನು ಅರಗಿಸಿಕೊಳ್ಳದೆ ನುಂಗುತ್ತಾ ಹೋದರೆ ಅದು ಏರುತ್ತದೆ, ಏರಿದಂತೆ ಆಡಳಿತದ ಪ್ರತಿ ಕೆಲಸವೂ ದುಬಾರಿಯಾಗುತ್ತದೆ. 2001ರಲ್ಲಿ ಬಂದ ‘ಟ್ರೋಪಿಕೋ’ದಲ್ಲಿ ಆಟಗಾರನೇ ದ್ವೀಪದೇಶದ ಸರ್ವಾಧಿಕಾರಿ, ದೇಶದ ಹಣವನ್ನು ತನ್ನ ಸ್ವಿಸ್ ಬ್ಯಾಂಕ್ ಖಾತೆಗೆ ಹಾಕಿಕೊಳ್ಳುವ ಆಯ್ಕೆ ಅವನ ಕೈಯಲ್ಲೇ ಇರುತ್ತದೆ.

ರಾಜಧಾನಿಯಿಂದ ದೂರ ಹೋದಂತೆ ಸೋರಿಕೆ ಹೆಚ್ಚು ಎಂಬ ಮೂಲ ಸೂತ್ರ ನಿಜವಾದ ರಾಜ್ಯಕ್ಕೆ ಎಷ್ಟು ಹೊಂದುತ್ತದೆ? ಇದನ್ನು ಪರೀಕ್ಷಿಸಲು ಹತ್ತೊಂಬತ್ತನೇ ಶತಮಾನದ ಮೈಸೂರು ಸಂಸ್ಥಾನ ಒಳ್ಳೆಯ ಭೂಪಟ. ಮೈಸೂರು ಅರಮನೆಯಿಂದ ನಡೆದು ತಲುಪುವ ಅಗ್ರಹಾರ ಬಡಾವಣೆಯನ್ನು ಆಟದ ಹಲಗೆಯ ಮೇಲಿಟ್ಟರೆ ಅಲ್ಲಿ ಸೋರಿಕೆ ಸೊನ್ನೆ. ಈಗಿನ ರಸ್ತೆ ಲೆಕ್ಕದಲ್ಲಿ ಮುನ್ನೂರು ಕಿಲೋಮೀಟರಿಗೂ ಆಚೆ ಇರುವ ಮಲೆನಾಡಿನ ‘ನಗರ’ ಎಂಬ ಹೆಸರಿನ ಸೀಮೆಯಲ್ಲಿ ಅದು ಗರಿಷ್ಠ. ಮೇಲುನೋಟಕ್ಕೆ ನಡೆದದ್ದೂ ಹಾಗೇ. 1830ರಲ್ಲಿ ನಗರ ಸೀಮೆಯ ರೈತರು ಕೂಟ ಕಟ್ಟಿಕೊಂಡು ಕಂದಾಯ ನಿಲ್ಲಿಸಿದರು, ದಂಗೆ ಹಬ್ಬಿತು. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡರು.

ಆದರೆ ದಂಗೆಯ ಬೇರು ದೂರದಲ್ಲಿರಲಿಲ್ಲ, ಒಂದು ಕರಾರಿನಲ್ಲಿತ್ತು. ಅದರ ಹೆಸರು ಶರ್ತು. ತಾಲ್ಲೂಕಿನ ಅಮಲ್ದಾರ ಈ ವರ್ಷ ಇಷ್ಟು ಕಂದಾಯ ತಂದೇ ತರುತ್ತೇನೆಂದು ಸರ್ಕಾರಕ್ಕೆ ಬರೆದುಕೊಡಬೇಕು. ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು, ಹೆಚ್ಚು ಬಂದರೆ ಹೆಚ್ಚಿದ್ದನ್ನು ಸರ್ಕಾರಕ್ಕೆ ಕಟ್ಟಬೇಕು. ರೈತರನ್ನು ಪೀಡಿಸುವುದಿಲ್ಲ ಎಂಬ ಮಾತೂ ಕರಾರಿನಲ್ಲಿ ಇರುತ್ತಿತ್ತು. ಆದರೆ ಒಪ್ಪಿಕೊಂಡ ಮೊತ್ತ ಸಾಮಾನ್ಯವಾಗಿ ಹಿಂದಿನ ವರ್ಷದ ವಸೂಲಿಗಿಂತ ಹೆಚ್ಚು. ಮಳೆ ಕೈಕೊಟ್ಟ ವರ್ಷ ಅಮಲ್ದಾರನ ಮುಂದೆ ಎರಡೇ ದಾರಿ: ತಾನು ಮುಳುಗುವುದು, ಇಲ್ಲವೇ ರೈತನನ್ನು ಹಿಂಡುವುದು. ಬೆಳೆ ಚೆನ್ನಾಗಿ ಬಂದ ವರ್ಷ ಹೆಚ್ಚುವರಿಯನ್ನು ಲೆಕ್ಕದಲ್ಲಿ ತೋರಿಸುವುದರಿಂದ ಅವನಿಗೆ ಸಿಗುವುದು ಏನೂ ಇಲ್ಲ. ಹುಜೂರಿಗೆ, ಅಂದರೆ ರಾಜಧಾನಿಯ ಸರ್ಕಾರಿ ಕಚೇರಿಗೆ, ತಾಲ್ಲೂಕಿನಿಂದ ಬರುತ್ತಿದ್ದದ್ದು ಮೊತ್ತ ಮಾತ್ರ. ಆ ಮೊತ್ತ ಹೇಗೆ ಕೂಡಿತು ಎಂಬ ವಿವರ ಬರುತ್ತಿರಲಿಲ್ಲ.

ಈ ಪದ್ಧತಿ ದಿವಾನ್ ಪೂರ್ಣಯ್ಯನವರ ಕಾಲದಲ್ಲೇ ಮೊದಲಾಯಿತೆಂದು ಬ್ರಿಟಿಷ್ ಅಧಿಕಾರಿ ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಬರೆದಿದ್ದಾರೆ. ದೊಡ್ಡ ಹುದ್ದೆಗಳು ಹೆಚ್ಚು ಹಣ ಕೊಟ್ಟವರಿಗೆ ಮಾರಾಟವಾಗುತ್ತಿದ್ದವು ಎಂದೂ ಅಲ್ಲಿದೆ. ಆಳ್ವಿಕೆಯನ್ನು ಕಿತ್ತುಕೊಂಡವರ ಕಡೆಯಿಂದ ಬಂದ ಬರಹವಾದ್ದರಿಂದ ಇದನ್ನು ಎಚ್ಚರದಿಂದ ಓದಬೇಕು. ಗವರ್ನರ್ ಜನರಲ್ ಬೆಂಟಿಂಕ್‌ಗೇ ಆಡಳಿತ ಕಿತ್ತುಕೊಂಡ ತನ್ನ ನಿರ್ಧಾರದ ಬಗ್ಗೆ ಮುಂದೆ ಅನುಮಾನ ಬಂದಿತ್ತು. ಆದರೂ ಆರೋಪದಲ್ಲಿ ಅರ್ಧದಷ್ಟು ನಿಜವಿದ್ದರೂ ಆಟದ ಸೂತ್ರ ತಲೆಕೆಳಗಾಗುತ್ತದೆ. ಸೋರಿಕೆ ಶುರುವಾದದ್ದು ಗಡಿಯಲ್ಲಲ್ಲ, ಹುದ್ದೆ ಹಂಚುವ ಜಾಗದಲ್ಲಿ, ಅಂದರೆ ದೂರ ಸೊನ್ನೆ ಇರುವ ಕಡೆ. ನಗರ ಸೀಮೆ ಅದರ ಬೆಲೆ ತೆತ್ತಿತು.

ಮುಂದಿನ ಅಧ್ಯಾಯವೂ ಇದನ್ನೇ ಹೇಳುತ್ತದೆ. ಬ್ರಿಟಿಷರು ತಂದ ಕಮಿಷನರ್ ಆಡಳಿತ ರಾಜಧಾನಿಯನ್ನು ಬೆಂಗಳೂರಿಗೆ ಸಾಗಿಸಿತು. ನಗರ ಸೀಮೆಗೆ ಬೆಂಗಳೂರೇನೂ ಮೈಸೂರಿಗಿಂತ ಹತ್ತಿರವಲ್ಲ. ಆಟದ ಸೂತ್ರದ ಪ್ರಕಾರ ಅಲ್ಲಿ ಏನೂ ಸುಧಾರಿಸಬಾರದಿತ್ತು. ಬದಲಾದದ್ದು ನಡುವಿನ ಏರ್ಪಾಡು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ಸಂಸ್ಥಾನ ಬೆಂಗಳೂರು, ಅಷ್ಟಗ್ರಾಮ, ನಗರ, ಚಿತ್ರದುರ್ಗ ಎಂಬ ನಾಲ್ಕು ವಿಭಾಗಗಳಾಗಿ, ಒಂದೊಂದಕ್ಕೂ ಒಬ್ಬ ಸೂಪರಿಂಟೆಂಡೆಂಟ್ ಬಂದರು. ರೈಸ್ ಕೊಡುವ ಲೆಕ್ಕದಂತೆ 769 ಚಿಲ್ಲರೆ ತೆರಿಗೆಗಳು ರದ್ದಾದವು. ಈ ಸಂಖ್ಯೆಯ ಮುಂದೆ ಸ್ವಲ್ಪ ನಿಲ್ಲಬೇಕು. ಮದುವೆಗೊಂದು, ಮಗುವಿನ ನಾಮಕರಣಕ್ಕೊಂದು ಎಂದು ತೆರಿಗೆಗಳಿದ್ದ ಕಾಲದಲ್ಲಿ, ಯಾವ ಬಾಬಿಗೆ ಎಷ್ಟು ಕೊಡಬೇಕೆಂದು ರೈತನಿಗೆ ಗೊತ್ತಿರುವುದು ಸಾಧ್ಯವೇ ಇರಲಿಲ್ಲ. ಗೊತ್ತಿದ್ದವನು ವಸೂಲಿ ಮಾಡುವವನೊಬ್ಬನೇ. ತೆರಿಗೆಯ ಪಟ್ಟಿ ಚಿಕ್ಕದಾದಷ್ಟೂ ಅವನ ಮಾತಿನ ಬೆಲೆ ಇಳಿಯಿತು.

ಅರ್ಥಶಾಸ್ತ್ರಜ್ಞ ರಾಬರ್ಟ್ ಕ್ಲಿಟ್‌ಗಾರ್ಡ್ 1988ರಲ್ಲಿ ಇದಕ್ಕೊಂದು ಸರಳ ಸಮೀಕರಣ ಕೊಟ್ಟರು. ಏಕಸ್ವಾಮ್ಯ ಮತ್ತು ವಿವೇಚನಾಧಿಕಾರವನ್ನು ಕೂಡಿಸಿ, ಅದರಿಂದ ಉತ್ತರದಾಯಿತ್ವವನ್ನು ಕಳೆದರೆ ಉಳಿಯುವುದೇ ಭ್ರಷ್ಟಾಚಾರ. ಅದರಲ್ಲಿ ದೂರಕ್ಕೆ ಜಾಗವೇ ಇಲ್ಲ. ಕೌಟಿಲ್ಯನ ‘ಅರ್ಥಶಾಸ್ತ್ರ’ದ ವಿಚಾರವೂ ಇದಕ್ಕೆ ಹತ್ತಿರ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ಓಲೆಗರಿಯ ಪ್ರತಿಯನ್ನು 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ, 1909ರಲ್ಲಿ ಅಚ್ಚು ಮಾಡಿಸಿದ ಗ್ರಂಥ ಅದು. ಅಧಿಕಾರಿಗಳು ರಾಜ್ಯದ ಹಣ ನುಂಗುವ ನಲವತ್ತು ಬಗೆಗಳನ್ನು ಅದು ಎಣಿಸುತ್ತದೆ. ಒಂದು ಇಲಾಖೆಗೆ ಒಬ್ಬನೇ ಮುಖ್ಯಸ್ಥ ಇರಬಾರದು, ಇದ್ದವರೂ ಅಲ್ಲೇ ಕಾಯಂ ಆಗಬಾರದು ಎಂಬುದು ಅದು ಹೇಳುವ ಮದ್ದು. ಏಕಸ್ವಾಮ್ಯವನ್ನು ಒಡೆಯುವ ಈ ಉಪಾಯ ಇವತ್ತಿನ ಆಟಗಳಲ್ಲೂ ಅಪರೂಪ.

ಕರ್ನಾಟಕದಲ್ಲಿ ಆ ಉಪಾಯದ ಹೊಸ ರೂಪ ‘ಭೂಮಿ’ ಯೋಜನೆ. ಅದಕ್ಕೆ ಮೊದಲು ಪಹಣಿ ಬೇಕೆಂದರೆ ಗ್ರಾಮ ಲೆಕ್ಕಿಗರ ಹಿಂದೆ ಅಲೆಯಬೇಕಿತ್ತು. ಪುಸ್ತಕ ಇರುತ್ತಿದ್ದದ್ದು ಅವರ ಕೈಯಲ್ಲಿ. 2000ದ ದಶಕದ ಆರಂಭದ ಹೊತ್ತಿಗೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು, ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಪ್ರತಿ ಸಿಗತೊಡಗಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವಂತೆ ತಂತ್ರಾಂಶ ಕಟ್ಟಿಹಾಕಿತು. ರೈತನಿಗೆ ತಾಲ್ಲೂಕು ಕಚೇರಿ ಊರಿನ ಲೆಕ್ಕಿಗನಿಗಿಂತ ದೂರ. ಆದರೂ ಪಹಣಿಯ ಪ್ರತಿಗೆ ಕೈ ಬಿಸಿ ಮಾಡುವ ಅಗತ್ಯ ಬಹಳ ಮಟ್ಟಿಗೆ ತಗ್ಗಿತು. 2012ರಲ್ಲಿ ಜಾರಿಗೆ ಬಂದ ‘ಸಕಾಲ’ ಇದಕ್ಕೆ ಉತ್ತರದಾಯಿತ್ವವನ್ನು ಸೇರಿಸಿತು: ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಅರ್ಜಿದಾರರಿಗೆ ಪರಿಹಾರ.

ಆಟಗಳ ಸೂತ್ರದಲ್ಲಿ ಇನ್ನೂ ದೊಡ್ಡದೊಂದು ಕೊರತೆ ಉಳಿದಿದೆ. ಅಲ್ಲಿ ಸೋರಿದ ಹಣ ಮಾಯವಾಗುತ್ತದೆ, ಅಷ್ಟೆ. ಅದು ಯಾರ ಜೇಬಿನಿಂದ ಹೋಯಿತು, ಯಾರ ಮನೆ ಸೇರಿತು ಎಂಬ ಲೆಕ್ಕವನ್ನು ಆಟ ಇಡುವುದಿಲ್ಲ. ಆದರೆ ನಿಜವಾದ ರಾಜ್ಯದಲ್ಲಿ ಆ ಹಣ ಎಲ್ಲೋ ಕೂಡಿ, ಮುಂದಿನ ಹುದ್ದೆಯನ್ನು ಕೊಳ್ಳುತ್ತದೆ, ದೂರನ್ನು ಮುಚ್ಚಿಸುತ್ತದೆ, ಹೊಸ ನಿಯಮವನ್ನು ಸಡಿಲಿಸುತ್ತದೆ. ಸೋರಿಕೆ ಸೋರಿಕೆಯನ್ನು ಹೆರುತ್ತದೆ. ಆಟದಲ್ಲಿ ಹಿಗ್ಗುವ ವೇಗಕ್ಕೆ ತಡೆಯಾಗಿ ನಿಂತ ಅಂಶ ನಿಜದಲ್ಲಿ ತಾನೇ ವೇಗ ಪಡೆದುಕೊಳ್ಳುತ್ತದೆ. ಹಿಂಡಿಸಿಕೊಂಡ ರೈತನೂ ಆಟದ ಪರದೆಯಲ್ಲಿಲ್ಲ. 1830ರ ನಗರ ಸೀಮೆಯಲ್ಲಿ ಕೂಟ ಕಟ್ಟಿದವನು ಅವನೇ.

ಅಧಿಕಾರ ಕಳೆದುಕೊಂಡ ಮುಮ್ಮಡಿಯವರು 1868ರಲ್ಲಿ ತೀರಿಕೊಳ್ಳುವವರೆಗೂ ಆಟಗಳನ್ನು ರೂಪಿಸಿದರು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗ ಹಲಗೆಯಾಟ ಮತ್ತು ಎಲೆಯಾಟಗಳಿಗೇ ಮೀಸಲು. ಚದುರಂಗದ ಕುದುರೆ ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ನಡೆಗಳಲ್ಲಿ ಅವರಿಗೆ ವಿಶೇಷ ಆಸಕ್ತಿಯಿತ್ತು. ಅಗ್ರಹಾರದಿಂದ ದೂರವೇನಲ್ಲದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಇಂದಿಗೂ ಆಟದ ಹಲಗೆಗಳ ಚಿತ್ರಗಳಿವೆ. ಆಟ ಕಟ್ಟುವ ಇಂಥ ಪರಂಪರೆಯೂ ಶರ್ತಿನಂಥ ಕರಾರಿನ ಇತಿಹಾಸವೂ ಒಂದೇ ಊರಿನಲ್ಲಿ ಇರುವುದು ಅಪರೂಪ. ಕನ್ನಡದಲ್ಲಿ ಆಟ ರೂಪಿಸಲು ಹೊರಟಿರುವ ಯುವಕ ಯುವತಿಯರು ಈ ವಸ್ತುವನ್ನು ಕೈಗೆತ್ತಿಕೊಳ್ಳಬೇಕು. ಅಮಲ್ದಾರನ ಕರಾರು, ರೈತರ ಕೂಟ, ಹುಜೂರಿನ ಖಾಲಿ ಲೆಕ್ಕಪುಸ್ತಕ ಮೂರೂ ಇರುವ, ಕಳೆದುಹೋದ ಪ್ರತಿ ನಾಣ್ಯ ಯಾರ ಕೈ ಸೇರಿತೆಂದು ಹೆಸರಿಟ್ಟು ತೋರಿಸುವ ಆಟವೊಂದನ್ನು ಅವರು ಮಾಡಲಿ.