ನೋವು ನಿಂತರೆ ಹರಳು ಹೋದಂತಲ್ಲ

ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯಿಂದ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯದಾಚೆಗೆ ಹೊರಡುವ ಹೊತ್ತಿಗೆ ಈ ಸೀಮೆಯಲ್ಲಿ ಬಿಸಿಲು ಬಲಿತಿರುತ್ತದೆ. ಹೊಲದಲ್ಲಿ ದುಡಿಯುವವರ ಮೈನೀರೆಲ್ಲ ಬೆವರಾಗಿ ಹೋಗಿ, ಮೂತ್ರ ಗಟ್ಟಿಯಾಗಿ, ಅದರೊಳಗಿನ ಕ್ಯಾಲ್ಸಿಯಂ, ಆಕ್ಸಲೇಟ್ ಹರಳುಗಟ್ಟುತ್ತವೆ. ಊರವರು ಮಾತ್ರ ಬೋರ್‌ವೆಲ್ ಕಡೆ ಕೈ ತೋರಿಸುತ್ತಾರೆ. ಮುಂಡರಗಿ ಕಡೆಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಹಲ್ಲು-ಮೂಳೆಗಳಿಗೆ ಅದು ಕೇಡು, ನಿಜ. ಆದರೆ ಹರಳಿನ ಮಟ್ಟಿಗೆ ಗಡಸು ನೀರಿಗಿಂತ ದೊಡ್ಡ ಆರೋಪಿ, ಕುಡಿಯದೇ ಉಳಿದ ನೀರು.

‘ಕಿಡ್ನ್ಯಾಗ ಹರಳ ಆಗೇತ್ರೀ’ ಅಂದರೆ ಸಾಕು, ಬಾಳೆದಿಂಡಿನ ರಸ, ಹುರುಳಿ ಕಟ್ಟು, ಯಾವುದೋ ಊರಿನ ಎಲೆಮದ್ದು ಎಲ್ಲ ಬಾಗಿಲಿಗೇ ಬರುತ್ತವೆ. 5 ಮಿ.ಮೀ.ಗಿಂತ ಸಣ್ಣ ಹರಳು ಬಹುಪಾಲು ತಾನಾಗಿಯೇ ಬಿದ್ದುಹೋಗುತ್ತದೆ, ಹೆಸರು ಕಷಾಯಕ್ಕೆ. ಇರಲಿ ಬಿಡಿ. ಭಯಪಡಬೇಕಾದದ್ದು ಮೂತ್ರನಾಳದಲ್ಲಿ ಸಿಕ್ಕಿಕೊಂಡ ಹರಳಿಗೆ. ಕೆಲವು ದಿನ ಒದ್ದಾಡಿಸಿ ನೋವು ತಗ್ಗಬಹುದು. ಹರಳು ಹೋಯಿತೆಂದು ಸುಮ್ಮನಾದರೆ ಕಿಡ್ನಿ ಒಳಗೊಳಗೇ ಊದಿಕೊಂಡು, ಕೊನೆಗೆ ಕೆಲಸವನ್ನೇ ನಿಲ್ಲಿಸಬಹುದು.

ಆಪರೇಷನ್ ಮುಂದೂಡುವವರ ಕಣ್ಣ ಮುಂದೆ ಇನ್ನೂ ಪಕ್ಕೆಯನ್ನು ಗೇಣುದ್ದ ಕೊಯ್ದ ಹಳೆಯ ಗಾಯವೇ ಇದೆ. ಆ ಕಾಲ ಯಾವತ್ತೋ ಹೋಯಿತು. 1976ರಲ್ಲೇ ಸ್ವೀಡನ್ನಿನ ಫರ್ನ್‌ಸ್ಟ್ರೋಮ್ ಮತ್ತು ಯೊಹಾನ್ಸನ್ ಬೆನ್ನಿನ ಸಣ್ಣ ರಂಧ್ರದಿಂದ ಹರಳು ತೆಗೆದುದನ್ನು ವರದಿ ಮಾಡಿದರು. 1980ರಲ್ಲಿ ಮ್ಯೂನಿಕ್‌ನಲ್ಲಿ ಕ್ರಿಸ್ಟಿಯನ್ ಚೌಸಿ ಹೊರಗಿನಿಂದಲೇ ಆಘಾತ ತರಂಗ ಕಳಿಸಿ ಹರಳು ಒಡೆದರು. ಆ ಯಂತ್ರ ಮಾಡಿದ್ದು ಡೋರ್ನಿಯರ್ ಎಂಬ ವಿಮಾನ ಕಂಪನಿ! ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಕ್ಕೆ ಮಳೆಹನಿ ಬಡಿದರೆ ಲೋಹಕ್ಕೇನಾಗುತ್ತದೆ ಎಂದು ನೋಡುತ್ತಿದ್ದವರಿಗೆ ಈ ದಾರಿ ಹೊಳೆಯಿತು.

ಈಗ 2 ಸೆಂ.ಮೀ. ಮೀರಿದ ಕಿಡ್ನಿ ಹರಳಿಗೆ ಸಾಮಾನ್ಯವಾಗಿ ಪಿಸಿಎನ್‌ಎಲ್: ಬೆನ್ನಿನಲ್ಲಿ ಸುಮಾರು 1 ಸೆಂ.ಮೀ. ರಂಧ್ರ, ಮಿನಿ ವಿಧಾನದಲ್ಲಿ ಇನ್ನೂ ಚಿಕ್ಕದು. ಸಣ್ಣ ಹರಳಾದರೆ ಮೂತ್ರದ ದಾರಿಯಲ್ಲೇ ದುರ್ಬೀನು ತೂರಿಸಿ ಲೇಸರ್‌ನಿಂದ ಪುಡಿ ಮಾಡುತ್ತಾರೆ, ಮೈಮೇಲೆ ಗಾಯವೇ ಇರುವುದಿಲ್ಲ. ಹಾಗೆಂದು ‘ಲೇಸರ್’ ಬೋರ್ಡು ನೋಡಿ ಮರುಳಾಗಬೇಕಿಲ್ಲ. ಹರಳಿನ ಗಾತ್ರ, ಜಾಗ, ಗಡಸುತನ ನೋಡಿ ವಿಧಾನ ನಿರ್ಧಾರವಾಗಬೇಕು. ರಂಧ್ರ ಚಿಕ್ಕದಾದರೂ ರಕ್ತಸ್ರಾವ, ಸೋಂಕಿನ ಅಪಾಯ ಇದ್ದೇ ಇದೆ.

ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಆಪರೇಷನ್ ಅಲ್ಲ, ಆಮೇಲಿನ ಮರೆವು. ಮೂತ್ರ ಸರಾಗವಾಗಿ ಇಳಿಯಲೆಂದು ಎಷ್ಟೋ ಸಲ ಒಳಗೆ ಡಿಜೆ ಸ್ಟೆಂಟ್ ಎಂಬ ತೆಳು ನಳಿಕೆ ಇಟ್ಟು ಕಳಿಸುತ್ತಾರೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಅದನ್ನು ತೆಗೆಸಬೇಕು. ಮನೆಗೆ ಬಂದವರು ಸುಗ್ಗಿ, ಮದುವೆ, ಜಾತ್ರೆಗಳ ನಡುವೆ ಅದನ್ನೇ ಮರೆಯುತ್ತಾರೆ. ತಿಂಗಳುಗಟ್ಟಲೆ ಉಳಿದರೆ ಸ್ಟೆಂಟಿನ ಮೇಲೇ ಹರಳು ಕಟ್ಟುತ್ತದೆ, ಸೋಂಕು ಏರುತ್ತದೆ, ಕಿಡ್ನಿಯೇ ಹಾಳಾಗಬಹುದು. ಬಿಡುಗಡೆಯ ಚೀಟಿಯಲ್ಲಿ ತೆಗೆಯುವ ದಿನಾಂಕ ದೊಡ್ಡದಾಗಿ ಬರೆಸಿಕೊಂಡು ಬನ್ನಿ, ಮನೆಯ ಕ್ಯಾಲೆಂಡರಿನಲ್ಲೂ ಗುರುತು ಹಾಕಿ.

ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಬೆಳಗಾವಿಯ ಕೆಎಲ್‌ಇ ಆಸ್ಪತ್ರೆಗಳಲ್ಲಿ ಮೂತ್ರಾಂಗ ತಜ್ಞರಿದ್ದಾರೆ. ಬಿಪಿಎಲ್ ಕಾರ್ಡಿದ್ದವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ರೆಫರಲ್ ವಿಚಾರಿಸಿ.

ಹರಳು ತೆಗೆಸಿಕೊಂಡವರಿಗೂ ಅದು ಮತ್ತೆ ಬರಬಹುದು. ದಿನಕ್ಕೆ ಎರಡು ಲೀಟರಿಗಿಂತ ಹೆಚ್ಚು ಮೂತ್ರ ಹೋಗುವಷ್ಟು ನೀರು ಕುಡಿಯಿರಿ, ಉಪ್ಪು ಇಳಿಸಿ. ಹಾಲು-ಮೊಸರು ಬಿಡಬೇಡಿ. ಪಕ್ಕೆನೋವಿನ ಜೊತೆ ಚಳಿಜ್ವರ ಬಂದರೆ ಮಾತ್ರ ಕಷಾಯ ಕುದಿಸುತ್ತ ಕೂರಬೇಡಿ, ಅಂದೇ ರಾತ್ರಿ ಆಸ್ಪತ್ರೆಗೆ ಹೊರಡಿ.