ಭೂಕಂಪದ ಹಾನಿಗೆ ಛಾಯಾಚಿತ್ರದ ಸಾಕ್ಷ್ಯ

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರವು ಆರು ತಿಂಗಳೊಳಗೆ ಎರಡು ಪ್ರಬಲ ಭೂಕಂಪಗಳಿಗೆ ತುತ್ತಾಯಿತು. 2010ರ ಸೆಪ್ಟೆಂಬರ್ 4ರಂದು ಸಂಭವಿಸಿದ 7.1 ಪ್ರಮಾಣದ ಕಂಪನದಿಂದ ಅನೇಕ ಕಟ್ಟಡಗಳು ಬಿರುಕುಬಿಟ್ಟವು. 2011ರ ಫೆಬ್ರುವರಿ 22ರ ಕಂಪನದಲ್ಲಿ 185 ಮಂದಿ ಮೃತಪಟ್ಟರು. ಆನಂತರ ನಗರಕೇಂದ್ರಕ್ಕೆ ಬೇಲಿ ಹಾಕಿ ಪ್ರವೇಶವನ್ನು ನಿರ್ಬಂಧಿಸಲಾಯಿತು. ನಿರ್ಬಂಧಿತ ಪ್ರದೇಶವು ಹಂತಹಂತವಾಗಿ ಕಿರಿದಾಯಿತಾದರೂ ಪೂರ್ಣವಾಗಿ ತೆರವಾದುದು 2013ರ ಜೂನ್‌ನಲ್ಲಿ.

ಪರಿಶೀಲನಾ ತಂಡಗಳು ಕಟ್ಟಡಗಳಿಗೆ ಬಣ್ಣದ ಚೀಟಿಗಳನ್ನು ಅಂಟಿಸಿದವು. ಕೆಂಪು ಚೀಟಿಯೆಂದರೆ ಪ್ರವೇಶ ನಿಷಿದ್ಧ. ಹಳದಿಯೆಂದರೆ ಸೀಮಿತ ಪ್ರವೇಶ. ಹಸಿರೆಂದರೆ ಮೇಲ್ನೋಟಕ್ಕೆ ಅಪಾಯ ಕಂಡುಬಂದಿಲ್ಲವೆಂದಷ್ಟೇ ಅರ್ಥ. ವರ್ತಕರ ಲೆಕ್ಕಪತ್ರ ಹಾಗೂ ದಾಸ್ತಾನುಗಳು ಬೇಲಿಯೊಳಗೇ ಉಳಿದವು. ನೂರಾರು ಕಟ್ಟಡಗಳನ್ನು ಕೆಡವಲಾಯಿತು.

ಯಾವ ಹಾನಿ ಯಾವ ಕಂಪನದಿಂದ ಆಯಿತೆಂಬ ಪ್ರಶ್ನೆಯೇ ವಿಮಾ ಪರಿಹಾರದಲ್ಲಿ ದೊಡ್ಡ ತೊಡಕಾಯಿತು. ಕಟ್ಟಡವೇ ನೆಲಸಮವಾದ ಮೇಲೆ ಅದನ್ನು ನಿರ್ಣಯಿಸಲು ದಿನಾಂಕಸಹಿತ ಛಾಯಾಚಿತ್ರಗಳು ಮುಖ್ಯ ಆಧಾರವಾಗುತ್ತವೆ.

ಆದುದರಿಂದ ಉದ್ದಿಮೆದಾರರು ಸಾಮಾನ್ಯ ದಿನಗಳಲ್ಲೇ ಕಟ್ಟಡ, ಯಂತ್ರಗಳ ಸಂಖ್ಯಾಫಲಕ ಹಾಗೂ ದಾಸ್ತಾನಿನ ಚಿತ್ರಗಳನ್ನು ತೆಗೆದು, ಅವುಗಳ ಪ್ರತಿಯನ್ನು ಬೇರೊಂದು ಸ್ಥಳದಲ್ಲಿರಿಸುವುದು ಒಳಿತು. ಭೂಕಂಪವಾದಲ್ಲಿ ಅವಶೇಷಗಳನ್ನು ತೆಗೆಯುವ ಮುನ್ನವೇ ಮೊದಲು ಇಡೀ ಕಟ್ಟಡವನ್ನೂ, ಅನಂತರ ಅಂಟಿಸಿದ ಚೀಟಿಯನ್ನೂ, ಅಳತೆಪಟ್ಟಿಯನ್ನಿರಿಸಿ ಬಿರುಕುಗಳನ್ನೂ ಚಿತ್ರೀಕರಿಸಬೇಕು. ಪ್ರತಿಯೊಂದು ದೊಡ್ಡ ಮರುಕಂಪನದ ಬಳಿಕ ಅದೇ ಕೋನದಿಂದ ಮತ್ತೊಮ್ಮೆ ಚಿತ್ರ ತೆಗೆದರೆ ಹೊಸ ಹಾನಿಯು ಸ್ಪಷ್ಟವಾಗುತ್ತದೆ. ಆದರೆ ಚಿತ್ರಕ್ಕಾಗಿ ಬೇಲಿ ದಾಟುವುದು ಸಲ್ಲದು. ಸಡಿಲಗೊಂಡ ಗೋಡೆಯು ಸಣ್ಣ ಮರುಕಂಪನಕ್ಕೂ ಕುಸಿಯಬಹುದು. ಅನುಮತಿ ದೊರೆಯುವವರೆಗೆ ಹೊರಗಿನಿಂದ ತೆಗೆದ ಚಿತ್ರಗಳೇ ಸಾಕು.